ತಪ್ಪು ವಿಳಾಸಕ್ಕೆ ಹೋಗುವ ತಲೆನೋವು

ತಲೆನೋವನ್ನು ತಲೆಯದೇ ಕಾಯಿಲೆ ಎಂದು ಒಪ್ಪಿಕೊಳ್ಳುವವರು ನಮ್ಮ ಬಳಗದಲ್ಲಿ ಕಡಿಮೆ. ಮಲೆನಾಡಿನ ನೆಂಟರಿಗೆ ಅದು ಪಿತ್ತ, ಬೆಂಗಳೂರಿನ ಸಹೋದ್ಯೋಗಿಗಳಿಗೆ ಸೈನಸ್, ಪಕ್ಕದ ಮನೆಯ ಹಿರಿಯರಿಗೆ ಗ್ಯಾಸ್, ಶಾಲೆಗೆ ಹೋಗುವ ಮಕ್ಕಳಿಗೆ ಬಂದರೆ ಕನ್ನಡಕದ ನಂಬರು. ಇವುಗಳಲ್ಲಿ ಯಾವುದೂ ಹೊಂದದಿದ್ದರೆ ಬಿಸಿಲು, ಅದೂ ಅಲ್ಲದಿದ್ದರೆ ಟೆನ್ಶನ್. ಕಾಲೇಜಿನ ದಿನಗಳಿಂದ ಮೈಗ್ರೇನ್ ಜೊತೆಗಿಟ್ಟುಕೊಂಡು ಬಂದಿರುವ ನನಗೆ ಈ ಹೆಸರುಗಳೆಲ್ಲವೂ ಒಂದಲ್ಲ ಒಂದು ಕಾಲದಲ್ಲಿ ಅಂಟಿದ್ದವು. ಹೆಸರು ಏನಾದರೇನು, ನೋವು ಹೋದರೆ ಸಾಕಲ್ಲ ಎನ್ನಬಹುದು. ಆದರೆ ಹೆಸರು ಯಾವುದೋ ಮದ್ದೂ ಅದಕ್ಕೆ ತಕ್ಕದ್ದೇ ಆಗುತ್ತದೆ. ಪಿತ್ತ ಎಂದವರು ಕಷಾಯ ಕುಡಿಯುತ್ತಾರೆ. ಸೈನಸ್ ಎಂದವರು ಹಬೆ ತೆಗೆದುಕೊಂಡು, ಆಗದಿದ್ದರೆ ಆಂಟಿಬಯೋಟಿಕ್ ನುಂಗುತ್ತಾರೆ. ಗ್ಯಾಸ್ ಎಂದವರು ಬೆಳಿಗ್ಗೆ ಖಾಲಿ ಹೊಟ್ಟೆಗೆ ಆಸಿಡಿಟಿ ಮಾತ್ರೆ ಹಾಕಿಕೊಳ್ಳುತ್ತಾರೆ. ಹೀಗೆ ವರ್ಷಗಳು ಉರುಳಿದರೂ ಮೈಗ್ರೇನಿಗೆಂದೇ ಚಿಕಿತ್ಸೆ ಇದೆ, ಅದೂ ಎರಡು ಬಗೆಯದಿದೆ ಎಂಬ ಸಂಗತಿ ಅವರ ಕಿವಿಗೆ ಬಿದ್ದೇ ಇರುವುದಿಲ್ಲ.

ಇದು ಎಲ್ಲೋ ಕೆಲವರನ್ನು ಕಾಡುವ ಕಾಯಿಲೆಯೂ ಅಲ್ಲ. ನಿಮ್ಹಾನ್ಸ್‌ನ ತಜ್ಞರು ಬೆಂಗಳೂರು ನಗರ ಮತ್ತು ಸುತ್ತಲಿನ ಹಳ್ಳಿಗಳಲ್ಲಿ 18ರಿಂದ 65 ವಯಸ್ಸಿನ 2,329 ಮಂದಿಯನ್ನು ಮನೆಗೇ ಹೋಗಿ ಮಾತನಾಡಿಸಿ ನಡೆಸಿದ ಸಮೀಕ್ಷೆಯ ಫಲಿತಾಂಶ 2015ರಲ್ಲಿ ಪ್ರಕಟವಾಯಿತು. ಅದರ ಪ್ರಕಾರ ಹಿಂದಿನ ಒಂದು ವರ್ಷದಲ್ಲಿ ಮೈಗ್ರೇನ್ ಅನುಭವಿಸಿದವರು ಶೇಕಡಾ 25ರಷ್ಟು. ಒಟ್ಟಾರೆ ತಲೆನೋವು ಪೇಟೆಗಿಂತ ಹಳ್ಳಿಯಲ್ಲೇ ಹೆಚ್ಚು ಕಂಡುಬಂದಿತ್ತು. ಮೊಬೈಲು, ಎಸಿ, ಆಫೀಸಿನ ಒತ್ತಡಗಳನ್ನೇ ದೂರುವ ನಮ್ಮ ಅಭ್ಯಾಸಕ್ಕೆ ಈ ಒಂದು ಅಂಶ ಸಾಕಷ್ಟು ಉತ್ತರ ಕೊಡುತ್ತದೆ ಎಂದು ನನಗೆ ಅನ್ನಿಸುತ್ತದೆ.

ದೊಡ್ಡಮ್ಮನ ಪಿತ್ತ

ಬೇಸಿಗೆ ರಜೆಯಲ್ಲಿ ಶಿವಮೊಗ್ಗದ ಕಡೆಯ ದೊಡ್ಡಮ್ಮನ ಮನೆಗೆ ಹೋದಾಗಲೆಲ್ಲ ಒಂದಾದರೂ ದಿನ ನಮಗೆ ಜಗಲಿಯಲ್ಲಿ ಓಡಾಡಬಾರದೆಂಬ ಅಪ್ಪಣೆಯಾಗುತ್ತಿತ್ತು. ಅಡುಗೆಮನೆಯ ಪಕ್ಕ ಅಕ್ಕಿ ಮೂಟೆ, ಉಪ್ಪಿನಕಾಯಿ ಭರಣಿಗಳನ್ನು ಇಡುವ ಕಿಟಕಿಯಿಲ್ಲದ ಕೋಣೆಯೊಂದಿತ್ತು. ಆ ದಿನ ದೊಡ್ಡಮ್ಮ ಅಲ್ಲಿ ಚಾಪೆ ಹಾಸಿ ಮಲಗಿರುತ್ತಿದ್ದರು. ಹಳೆಯ ಸೀರೆಯ ಅಂಚನ್ನು ಹರಿದು ಹಣೆಗೆ ಬಿಗಿಯಾಗಿ ಕಟ್ಟಿ, ಅದರ ಕೆಳಗೆ ಒಣಶುಂಠಿ ತೇದ ಪಟ್ಟು. ಒಳಗೆ ಯಾರಾದರೂ ಒಗ್ಗರಣೆ ಹಾಕಿದರೆ ಆ ವಾಸನೆ ತಡೆಯಲಾರದೆ ಬಾಗಿಲು ಹಾಕಿಕೊಳ್ಳಿ ಎಂದು ಕೈಸನ್ನೆ ಮಾಡುತ್ತಿದ್ದರು. ಮಾತನಾಡಿದರೆ ನೋವು ಹೆಚ್ಚುತ್ತಿತ್ತು. ಮಧ್ಯಾಹ್ನ ಕಳೆದ ಮೇಲೆ ಎದ್ದು ಹಿತ್ತಲಿಗೆ ಹೋಗಿ ವಾಂತಿ ಮಾಡುವರು. ಬರೀ ಹಳದಿ ನೀರು, ಕಹಿ. “ಪಿತ್ತ ಬಿತ್ತು, ಇನ್ನು ಸರಿಯಾಗ್ತದೆ” ಎಂದು ಅಜ್ಜಿ ತಾಮ್ರದ ಚೊಂಬಿನಲ್ಲಿ ನೀರು ಕೊಡುವರು. ಅಜ್ಜಿಯ ಮಾತು ನಿಜವೂ ಆಗುತ್ತಿತ್ತು. ವಾಂತಿಯಾದ ಮೇಲೆ ದೊಡ್ಡಮ್ಮ ಒಂದು ನಿದ್ದೆ ತೆಗೆದು, ಸಂಜೆ ಮುಖ ತೊಳೆದು, ಏನೂ ಆಗಿಲ್ಲವೆಂಬಂತೆ ಮರುದಿನದ ದೋಸೆಗೆ ರುಬ್ಬಲು ಕೂರುತ್ತಿದ್ದರು.

ಕಣ್ಣೆದುರೇ ಹೀಗೆ ನಡೆಯುವಾಗ ನೋವಿಗೆ ಪಿತ್ತವೇ ಕಾರಣ ಎನ್ನುವುದನ್ನು ಯಾರು ತಾನೇ ಅಲ್ಲಗಳೆಯುತ್ತಾರೆ? ಆದರೆ ಆಗುವುದು ಬೇರೆ. ಮೈಗ್ರೇನ್ ಶುರುವಾದಾಗ ಹೊಟ್ಟೆಯ ಚಲನೆ ನಿಧಾನವಾಗುತ್ತದೆ. ತಿಂದದ್ದು ಮುಂದೆ ಸಾಗುವುದಿಲ್ಲ, ವಾಕರಿಕೆ ಬರುತ್ತದೆ. ಬೆಳಗಿನಿಂದ ಏನೂ ತಿನ್ನದೆ ಮಲಗಿದವರು ವಾಂತಿ ಮಾಡಿದರೆ ಹೊರಬರುವುದಕ್ಕೆ ಪಿತ್ತರಸವಲ್ಲದೆ ಬೇರೇನೂ ಇರುವುದಿಲ್ಲ. ಆ ಹೊತ್ತಿಗೆ ಎಷ್ಟೋ ಜನರಲ್ಲಿ ನೋವಿನ ದಾಳಿಯೂ ತನ್ನಷ್ಟಕ್ಕೆ ಇಳಿಮುಖವಾಗಿರುತ್ತದೆ. ಹಳದಿ ನೀರು ತಲೆನೋವಿನ ಪರಿಣಾಮ. ನಾವು ಅದನ್ನು ಕಾರಣದ ಜಾಗದಲ್ಲಿ ಕೂರಿಸಿದ್ದೇವೆ.

ಇದನ್ನು ತಿಳಿದುಕೊಳ್ಳುವುದರಿಂದ ಕೈಗೆ ಹತ್ತುವ ಲಾಭವೊಂದಿದೆ. ಹೊಟ್ಟೆ ಸ್ತಬ್ಧವಾಗಿರುವಾಗ ನುಂಗಿದ ಮಾತ್ರೆಯೂ ಅಲ್ಲೇ ಕೂತಿರುತ್ತದೆ. “ನನಗೆ ಯಾವ ಮಾತ್ರೆಯೂ ಹಿಡಿಯುವುದಿಲ್ಲ” ಎನ್ನುವವರಲ್ಲಿ ಅನೇಕರು ನೋವು ತಾರಕಕ್ಕೇರಿದ ಮೇಲೆ ಮಾತ್ರೆ ಹಾಕಿಕೊಳ್ಳುವವರು. ಐಬುಪ್ರೊಫೆನ್, ನ್ಯಾಪ್ರೊಕ್ಸೆನ್‌ನಂಥ ಸಾಮಾನ್ಯ ನೋವುನಿವಾರಕವನ್ನೇ ಸರಿಯಾದ ಪ್ರಮಾಣದಲ್ಲಿ, ನೋವು ಇನ್ನೂ ಸಣ್ಣದಿರುವಾಗಲೇ, ಹೊಟ್ಟೆಯನ್ನು ಚಲಿಸುವಂತೆ ಮಾಡುವ ಡೊಂಪೆರಿಡೋನ್‌ನಂಥ ಮಾತ್ರೆಯ ಜೊತೆಗೆ ವೈದ್ಯರ ಸಲಹೆಯಂತೆ ತೆಗೆದುಕೊಂಡರೆ ಎಷ್ಟೋ ಜನರಿಗೆ ಅಷ್ಟೇ ಸಾಕಾಗುತ್ತದೆ. ನಾಲಿಗೆಯ ಮೇಲೆ ಕರಗುವ ಮಾತ್ರೆ ಬೇಗ ಕೆಲಸ ಮಾಡುತ್ತದೆ ಎಂಬ ನಂಬಿಕೆಯೂ ಇದೆ. ಮೈಗ್ರೇನಿಗೆ ಕೊಡುವ ರೈಜಟ್ರಿಪ್ಟಾನಿನ ಕರಗುವ ಮಾತ್ರೆ ಬಾಯಲ್ಲಿ ಕರಗಿದರೂ ರಕ್ತಕ್ಕೆ ಸೇರುವುದು ಕರುಳಿನಿಂದಲೇ. ಅದರ ಅನುಕೂಲ ಇಷ್ಟೇ, ಬಸ್ಸಿನಲ್ಲಿ ಕೂತಾಗ ನೀರಿಗಾಗಿ ಹುಡುಕಬೇಕಿಲ್ಲ. ವಾಂತಿಯೇ ಮುಖ್ಯ ತೊಂದರೆಯಾದವರಿಗೆ ಮೂಗಿನ ಸ್ಪ್ರೇ ಅಥವಾ ಚುಚ್ಚುಮದ್ದಿನ ದಾರಿ ಇದೆ.

ದೊಡ್ಡಮ್ಮನ ತಲೆನೋವು ಐವತ್ತು ದಾಟಿದ ಮೇಲೆ ತಾನಾಗಿ ಕಡಿಮೆಯಾಯಿತು. ಅದರ ಕೀರ್ತಿ ಯಾರೋ ಪಂಡಿತರು ಕೊಟ್ಟ ಲೇಹ್ಯಕ್ಕೆ ಸಂದಿತು. ಮೈಗ್ರೇನ್ ಗಂಡಸರಿಗಿಂತ ಹೆಂಗಸರಲ್ಲಿ ಎರಡು ಮೂರು ಪಟ್ಟು ಹೆಚ್ಚು. ಮುಟ್ಟಿನ ಆಸುಪಾಸಿನಲ್ಲಿ ಈಸ್ಟ್ರೊಜೆನ್ ಎಂಬ ಹಾರ್ಮೋನು ಇಳಿಯುವಾಗ ಅದು ಕೆರಳುತ್ತದೆ. ಬಸಿರಿನ ಕೊನೆಯ ತಿಂಗಳುಗಳಲ್ಲಿ ಹಲವರಿಗೆ ಶಮನವಾಗುತ್ತದೆ. ಮುಟ್ಟು ನಿಂತು ಕೆಲವು ವರ್ಷಗಳಾದ ಮೇಲೆ ಬಹಳ ಮಂದಿಯನ್ನು ಬಿಟ್ಟುಹೋಗುತ್ತದೆ. ಲೇಹ್ಯದ ಬಗ್ಗೆ ನನಗೆ ದ್ವೇಷವಿಲ್ಲ, ಅದು ರುಚಿಯಾಗಿಯೇ ಇತ್ತು.

ಮೂಗು ಕಟ್ಟಿದರೆ ಸೈನಸ್ಸೇ?

ಬೆಂಗಳೂರಿಗೆ ಬಂದ ಮೇಲೆ ಪಿತ್ತದ ಜಾಗವನ್ನು ಸೈನಸ್ ಹಿಡಿಯಿತು. ಇಲ್ಲಿನ ಹವೆ, ಹೂವಿನ ಪರಾಗ, ಧೂಳು ಇವೆಲ್ಲವೂ ಆ ಹೆಸರಿಗೆ ಸಾಕ್ಷಿ ಹೇಳಲು ಸಿದ್ಧವಾಗಿರುತ್ತವೆ. ಕೆನ್ನೆಯ ಮೇಲೆ, ಹುಬ್ಬಿನ ಹತ್ತಿರ ಒತ್ತಿದಂತಾಗುವುದು, ಒಂದು ಮೂಗು ಕಟ್ಟುವುದು, ಕಣ್ಣಲ್ಲಿ ನೀರು ಬರುವುದು, ಇಷ್ಟಿದ್ದರೆ ಸೈನಸ್ ಅಲ್ಲದೆ ಮತ್ತೇನು ಎಂದು ಕೇಳುತ್ತಾರೆ. ಮೈಗ್ರೇನಿನಲ್ಲಿ ಕೆರಳುವ ನರ ಮುಖದ ಸಂವೇದನೆಯನ್ನು ಹೊರುವ ಟ್ರೈಜೆಮಿನಲ್ ನರ. ಅದು ಕೆರಳಿದಾಗ ಮಿದುಳಕಾಂಡದ ಮೂಲಕ ಒಂದು ಪ್ರತಿವರ್ತನೆ ಹುಟ್ಟಿ ಮೂಗಿನ ಪೊರೆ ಊದಿಕೊಳ್ಳುತ್ತದೆ, ಕಣ್ಣೀರು ಒಸರುತ್ತದೆ. ಸೋಂಕು ಇಲ್ಲದೆಯೇ ಇಷ್ಟೂ ಆಗಬಹುದು. 2004ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಅಧ್ಯಯನ, ತಮಗೆ ಸೈನಸ್ ತಲೆನೋವು ಇದೆ ಎಂದುಕೊಂಡಿದ್ದ ಅಥವಾ ವೈದ್ಯರಿಂದಲೇ ಹಾಗೆ ಹೇಳಿಸಿಕೊಂಡಿದ್ದ ಸುಮಾರು ಮೂರು ಸಾವಿರ ಮಂದಿಯನ್ನು ವಿಚಾರಿಸಿತು. ಅವರಲ್ಲಿ ಶೇಕಡಾ 88 ಜನರ ಲಕ್ಷಣಗಳು ಮೈಗ್ರೇನ್ ಬಗೆಯ ತಲೆನೋವಿಗೆ ಹೊಂದುತ್ತಿದ್ದವು. ನಿಜವಾದ ಸೈನಸ್ ಸೋಂಕಿನಲ್ಲಿ ದಪ್ಪ ಬಣ್ಣದ ಸಿಂಬಳ, ಜ್ವರ, ವಾಸನೆ ತಿಳಿಯದಿರುವುದು ಮುಂತಾದವು ಇರುತ್ತವೆ. ಅವು ಯಾವುದೂ ಇಲ್ಲದೆ, ತಿಂಗಳಿಗೆರಡು ಬಾರಿ ಬಂದು, ಬೆಳಕು ಬೇಡವೆನ್ನಿಸಿ, ಒಂದು ದಿನ ಮಲಗಿಸಿ ಹೋಗುವ ಸೈನಸ್ಸನ್ನು ಸಂಶಯದಿಂದ ನೋಡುವುದೇ ಒಳ್ಳೆಯದು.

ನೋವಿಗೂ ಮುಂಚೆ

ನೋವು ಬರುವುದಕ್ಕೆ ಸ್ವಲ್ಪ ಮುಂಚೆ ನನಗೆ ಕೆಲವೊಮ್ಮೆ ಓದುತ್ತಿರುವ ಪುಟದ ನಡುವಿನ ಅಕ್ಷರಗಳು ಕಾಣೆಯಾಗುತ್ತವೆ. ಆಮೇಲೆ ಆ ಜಾಗದಲ್ಲಿ ಗರಗಸದ ಹಲ್ಲಿನಂತೆ ಅಂಕುಡೊಂಕಾಗಿ ಮಿನುಗುವ ಗೆರೆಯೊಂದು ಹುಟ್ಟಿ, ನಿಧಾನವಾಗಿ ಅಗಲವಾಗುತ್ತ ನೋಟದ ಅಂಚಿನವರೆಗೆ ಸರಿದು ಮಾಯವಾಗುತ್ತದೆ. ಕಣ್ಣು ಮುಚ್ಚಿದರೂ ಕಾಣುತ್ತದೆ. ಅದು ಕಣ್ಣಿನದಲ್ಲ, ಕಣ್ಣಿನ ನಂಬರಿನದಂತೂ ಅಲ್ಲ. ಇದನ್ನು ಆರಾ ಎನ್ನುತ್ತಾರೆ. ಮೈಗ್ರೇನ್ ಇರುವವರಲ್ಲಿ ಕಾಲುಭಾಗದಿಂದ ಮೂರನೇ ಒಂದು ಭಾಗದಷ್ಟು ಜನರಿಗೆ ಮಾತ್ರ ಇದು ಕಾಣುತ್ತದೆ. 1941ರಲ್ಲಿ ಮನಶ್ಶಾಸ್ತ್ರಜ್ಞ ಕಾರ್ಲ್ ಲ್ಯಾಷ್ಲಿ ತನ್ನದೇ ಆರಾದ ಗೆರೆ ಸರಿಯುವುದನ್ನು ಅಳೆದು, ಮಿದುಳಿನ ಮೇಲ್ಪದರದಲ್ಲಿ ಏನೋ ನಿಮಿಷಕ್ಕೆ ಸುಮಾರು 3 ಮಿಲಿಮೀಟರ್ ವೇಗದಲ್ಲಿ ಹರಡುತ್ತಿರಬೇಕು ಎಂದು ಲೆಕ್ಕ ಹಾಕಿದರು. 1944ರಲ್ಲಿ ಬ್ರೆಜಿಲ್‌ನ ಅರಿಸ್ಟಿಡಿಸ್ ಲಿಯಾವ್ ಬೇರೆಯೇ ಪ್ರಯೋಗವೊಂದರಲ್ಲಿ ಮೊಲದ ಮಿದುಳಿನ ಮೇಲೆ ಸರಿಸುಮಾರು ಅದೇ ವೇಗದಲ್ಲಿ ಹಬ್ಬುವ ಅಲೆಯನ್ನು ಕಂಡರು. ಅಲೆ ಹೋದಲ್ಲೆಲ್ಲ ನರಕೋಶಗಳು ಒಮ್ಮೆ ಉದ್ರೇಕಗೊಂಡು ಬಳಿಕ ಕೆಲಹೊತ್ತು ಮೌನವಾಗುತ್ತವೆ. ನನ್ನ ಪುಟದಿಂದ ಅಕ್ಷರಗಳು ಕಾಣೆಯಾಗುವುದು ಆ ಮೌನದಲ್ಲಿ.

ಆರಾ ಇಲ್ಲದವರಿಗೂ ಮುನ್ಸೂಚನೆಗಳಿರುತ್ತವೆ. ಆಕಳಿಕೆಯ ಮೇಲೆ ಆಕಳಿಕೆ, ಕತ್ತು ಹಿಡಿದಂತಾಗುವುದು, ಪದೇಪದೇ ಮೂತ್ರ, ಸಿಹಿ ತಿನ್ನಬೇಕೆನ್ನುವ ಆಸೆ, ಕಾರಣವಿಲ್ಲದ ಸಿಡಿಮಿಡಿ. ಜರ್ಮನಿಯ ಹ್ಯಾಂಬರ್ಗ್‌ನ ಸಂಶೋಧಕರು ಮೈಗ್ರೇನ್ ಇರುವ ಒಬ್ಬರನ್ನು ಒಂದು ತಿಂಗಳ ಕಾಲ ದಿನವೂ ಸ್ಕ್ಯಾನ್ ಮಾಡಿ 2016ರಲ್ಲಿ ಪ್ರಕಟಿಸಿದ ವರದಿಯಲ್ಲಿ, ನೋವು ಆರಂಭವಾಗುವುದಕ್ಕೆ ಮುಂಚೆಯೇ ಹೈಪೊಥಲಾಮಸ್ ಎಂಬ ಭಾಗದ ಚಟುವಟಿಕೆ ಬದಲಾಗುವುದನ್ನು ತೋರಿಸಿದರು. ಹಸಿವು, ನಿದ್ದೆ, ಬಾಯಾರಿಕೆಗಳನ್ನು ನಿಯಂತ್ರಿಸುವುದೂ ಇದೇ ಭಾಗ. ಅಂದರೆ ಮದುವೆ ಮನೆಯಲ್ಲಿ ಹೋಳಿಗೆ ತಿಂದದ್ದರಿಂದ ತಲೆನೋವು ಬಂತು ಎಂದು ನಾವು ದೂರುವಾಗ, ಬರಲಿದ್ದ ತಲೆನೋವೇ ಹೋಳಿಗೆಯ ಆಸೆ ಹುಟ್ಟಿಸಿರುವ ಸಾಧ್ಯತೆಯೂ ಇದೆ. ಕತ್ತು ನೋವನ್ನು ಸ್ಪಾಂಡಿಲೈಟಿಸ್ ಎಂದು ಕರೆದು ಪಟ್ಟಿ ಕಟ್ಟಿಸಿಕೊಳ್ಳುವವರ ಕಥೆಯೂ ಹಲವು ಸಲ ಇದೇ ಆಗಿರುತ್ತದೆ.

ಹಾಗೆಂದು ಕೆರಳಿಸುವ ಕಾರಣಗಳು ಇಲ್ಲವೇ ಇಲ್ಲ ಎಂದಲ್ಲ. ಇಂಗ್ಲಿಷ್ ಪುಸ್ತಕಗಳ ಪಟ್ಟಿಯಲ್ಲಿ ಕೆಂಪು ವೈನು, ಹಳೆಯ ಚೀಸು ಇರುತ್ತವೆ. ನಮ್ಮ ಹೆಂಗಸರ ಪಟ್ಟಿಯಲ್ಲಿ ತಲೆಗೆ ಸ್ನಾನ, ಸಂಕಷ್ಟಿಯ ಉಪವಾಸ, ಊದಿನಕಡ್ಡಿಯ ಹೊಗೆ, ಮಧ್ಯಾಹ್ನದ ಬಿಸಿಲು ಇವೆ. ತಲೆಸ್ನಾನದ ಮಾತನ್ನು ಬಹಳ ಕಾಲ ವೈದ್ಯರು ಗಂಭೀರವಾಗಿ ತೆಗೆದುಕೊಂಡಿರಲಿಲ್ಲ. ಮುಂಬಯಿಯ ತಲೆನೋವು ತಜ್ಞ ಕೆ. ರವಿಶಂಕರ್ ಅವರು 2006ರಲ್ಲಿ 94 ಭಾರತೀಯ ರೋಗಿಗಳ ವಿವರಗಳೊಂದಿಗೆ, ತಲೆಸ್ನಾನ ಮೈಗ್ರೇನನ್ನು ಕೆರಳಿಸುತ್ತದೆ ಎಂದು ಅಂತರರಾಷ್ಟ್ರೀಯ ಪತ್ರಿಕೆಯಲ್ಲಿ ಬರೆದರು. ಆದರೂ ಇಂಥ ಪಟ್ಟಿಗಳಿಗೆ ನಾವು ಕೊಡುವ ಮಹತ್ವ ಅತಿಯಾಯಿತು ಎಂಬುದು ನನ್ನ ಅಭಿಪ್ರಾಯ. ಒಂದು ಸಂಕಷ್ಟಿಗೆ ಚಂದ್ರೋದಯದವರೆಗೆ ಉಪವಾಸವಿದ್ದರೂ ಏನೂ ಆಗುವುದಿಲ್ಲ. ಇನ್ನೊಂದು ಸಂಕಷ್ಟಿಗೆ ಹಿಂದಿನ ರಾತ್ರಿಯ ನಿದ್ದೆಗೇಡು, ಹತ್ತಿರ ಬಂದ ಮುಟ್ಟಿನ ದಿನ ಇವು ಸೇರಿ ಬೆಳಿಗ್ಗೆ ಹತ್ತಕ್ಕೇ ತಲೆ ಸಿಡಿಯತೊಡಗುತ್ತದೆ. ಮೈಗ್ರೇನ್ ಇರುವ ಮಿದುಳು ಬದಲಾವಣೆಯನ್ನು ಕಡಿಮೆ ಸಹಿಸುತ್ತದೆ, ಆ ಗುಣ ಬಹುಮಟ್ಟಿಗೆ ವಂಶದಿಂದ ಬಂದದ್ದು. ಹೊತ್ತಿಗೆ ಸರಿಯಾಗಿ ಊಟ, ಹೊತ್ತಿಗೆ ಸರಿಯಾಗಿ ನಿದ್ದೆ ಎಂಬ ಬೇಸರದ ಸಲಹೆ ಅದಕ್ಕೇ. ಒಂದೊಂದೇ ಪದಾರ್ಥವನ್ನು ಬಿಡುತ್ತ ಹೋಗಿ ಕೊನೆಗೆ ಮೊಸರನ್ನವನ್ನೂ ಅಪರಾಧಿಯಾಗಿಸುವುದರಲ್ಲಿ ಅರ್ಥವಿಲ್ಲ.

ಕತ್ತರಿಸಿದ ಸ್ಟ್ರಿಪ್

ನಮ್ಮ ಅತ್ತಿಗೆ ಮಾತ್ರೆ ತರುತ್ತಿದ್ದುದು ಮನೆಯ ತಿರುವಿನಲ್ಲಿರುವ ಮೆಡಿಕಲ್ ಶಾಪ್‌ನಿಂದ. ಅಂಗಡಿಯಾತನಿಗೆ ಅವರು ಹೆಸರು ಹೇಳಬೇಕಾಗಿಯೂ ಇರಲಿಲ್ಲ. ಹಣೆಗೆ ಕೈಯಿಟ್ಟರೆ ಸಾಕು, ಕತ್ತರಿಯಿಂದ ನಾಲ್ಕು ಮಾತ್ರೆಯಷ್ಟು ಸ್ಟ್ರಿಪ್ ಕತ್ತರಿಸಿ ಕಾಗದದ ಸಣ್ಣ ಕವರಿನಲ್ಲಿ ಹಾಕಿ ಕೊಡುತ್ತಿದ್ದ. ಹಾಗೆ ಕತ್ತರಿಸಿದ ತುಂಡಿನಲ್ಲಿ ಔಷಧದ ಹೆಸರಿನ ಅರ್ಧ ಮಾತ್ರ ಉಳಿದಿರುತ್ತದೆ, ಒಳಗೆ ಏನೇನಿದೆ ಎಂಬ ಸಣ್ಣಕ್ಷರ ಅಂಗಡಿಯಲ್ಲೇ ಉಳಿಯುತ್ತದೆ. ಅದರಲ್ಲಿ ಇದ್ದದ್ದು ಎರ್ಗೊಟಮೈನ್, ಕೆಫೀನ್, ಪ್ಯಾರಾಸಿಟಮಾಲ್ ಮತ್ತು ವಾಂತಿ ತಡೆಯುವ ಒಂದು ಔಷಧ. ನಮ್ಮಲ್ಲಿ ದಶಕಗಳಿಂದ ಚಲಾವಣೆಯಲ್ಲಿರುವ ಮಿಶ್ರಣವಿದು. ನೋವು ನಿಲ್ಲಿಸುತ್ತದೆ, ಸುಳ್ಳಲ್ಲ. ಆದರೆ ಎರ್ಗೊಟಮೈನ್ ದೇಹದ ರಕ್ತನಾಳಗಳನ್ನೆಲ್ಲ ಸಂಕುಚಿಸುವ ಹಳೆಯ ಔಷಧ. ಪದೇಪದೇ ತಿಂದರೆ ಅಪಾಯಕಾರಿ, ಹೃದ್ರೋಗಿಗಳಿಗೂ ಬಸುರಿಯರಿಗೂ ಕೂಡದು.

ವಾರಕ್ಕೊಮ್ಮೆ ಬರುತ್ತಿದ್ದ ನೋವು ದಿನ ಬಿಟ್ಟು ದಿನ ಬರತೊಡಗಿದಾಗ ಅವರನ್ನು ನರರೋಗ ತಜ್ಞೆಯೊಬ್ಬರ ಬಳಿಗೆ ಕರೆದುಕೊಂಡು ಹೋದೆ. ಅತ್ತಿಗೆಯ ಕೈಯಲ್ಲಿ ಎಂಆರ್‌ಐ ಫಿಲ್ಮಿನ ದೊಡ್ಡ ಕವರು ಇತ್ತು. ಎಲ್ಲ ನಾರ್ಮಲ್ ಎಂದು ವರದಿ ಬಂದಿದ್ದರಿಂದ ಮನೆಯಲ್ಲಿ ಕೆಲವರು “ಏನೂ ಇಲ್ಲವಂತೆ” ಎಂದು ಮಾತು ಮುಗಿಸಿಬಿಟ್ಟಿದ್ದರು, ಅದೇ ಅವರಿಗೆ ಹೆಚ್ಚು ನೋವಾಗಿತ್ತು. ವೈದ್ಯೆ ಕವರನ್ನು ಬದಿಗಿಟ್ಟು, “ತಿಂಗಳಿಗೆ ಎಷ್ಟು ದಿನ ತಲೆನೋವು ಇರುತ್ತೆ?” ಎಂದು ಕೇಳಿದರು.

“ಏಳೆಂಟು ದಿನ ಮೇಡಂ.”

“ಅದು ಜೋರಾಗಿ ಬರೋದು. ಬೇರೆ ಥರ ಕೇಳ್ತೀನಿ. ತಲೆ ಪೂರ್ತಿ ಹಗುರವಾಗಿರೋ ದಿನ ಎಷ್ಟು?”

ಅತ್ತಿಗೆ ಬೆರಳು ಮಡಚುತ್ತ ಸುಮಾರು ಹೊತ್ತು ಕೂತರು. “ಹತ್ತು ಇರಬಹುದು” ಎಂದವರು, ನನ್ನ ಕಡೆ ತಿರುಗಿ, “ಹತ್ತೂ ಇಲ್ವೇನೋ ಕಣೇ” ಎಂದರು.

ಮೈಗ್ರೇನನ್ನು ಗುರುತಿಸುವುದು ಸ್ಕ್ಯಾನಿನಿಂದಲ್ಲ, ಇಂಥ ಪ್ರಶ್ನೋತ್ತರದಿಂದ. ನೋವು 4ರಿಂದ 72 ಗಂಟೆ ಇರುತ್ತದೆಯೇ, ಒಂದು ಬದಿಗೆ ಹೆಚ್ಚೇ, ಮಿಡಿಯುತ್ತದೆಯೇ, ಮೆಟ್ಟಿಲು ಹತ್ತಿದರೆ ಏರುತ್ತದೆಯೇ, ವಾಕರಿಕೆ ಉಂಟೇ, ಬೆಳಕು ಶಬ್ದ ಆಗದೇ ಎಂಬುದನ್ನು ಕೇಳಿ ತೀರ್ಮಾನಿಸುತ್ತಾರೆ. ಸ್ಕ್ಯಾನ್ ಬೇಕಾಗುವುದು ಬೇರೆಯದೇನೋ ಇರಬಹುದೆಂಬ ಸಂಶಯ ಬಂದಾಗ. ಕ್ಷಣಮಾತ್ರದಲ್ಲಿ ಬಡಿದಂತೆ ಬರುವ ಭಯಂಕರ ನೋವು, ಐವತ್ತರ ನಂತರ ಮೊದಲ ಬಾರಿ ಬಂದದ್ದು, ಜ್ವರ ಮತ್ತು ಕತ್ತು ಬಿಗಿತದೊಂದಿಗೆ ಬಂದದ್ದು, ಕೈಕಾಲು ಶಕ್ತಿಗುಂದುವುದು, ಬಸಿರು ಬಾಣಂತನದಲ್ಲಿ ಹೊಸದಾಗಿ ಕಾಣಿಸಿಕೊಂಡದ್ದು, ಇವಕ್ಕೆ ಮೈಗ್ರೇನ್ ಎಂದು ಮನೆಯಲ್ಲಿ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಬೇಕು.

ಅತ್ತಿಗೆಯದು ಮೈಗ್ರೇನಿನ ಮೇಲೆ ಮಾತ್ರೆಯಿಂದಲೇ ಹುಟ್ಟಿದ ತಲೆನೋವು. ಎರ್ಗೊಟಮೈನ್, ರೈಜಟ್ರಿಪ್ಟಾನಿನಂಥ ಟ್ರಿಪ್ಟಾನ್ ಗುಂಪಿನ ಮಾತ್ರೆ ಅಥವಾ ಮಿಶ್ರ ನೋವುನಿವಾರಕಗಳನ್ನು ತಿಂಗಳಿಗೆ 10 ದಿನ ಅಥವಾ ಹೆಚ್ಚು, ಬರೀ ಪ್ಯಾರಾಸಿಟಮಾಲ್ ಬಗೆಯವನ್ನು 15 ದಿನ ಅಥವಾ ಹೆಚ್ಚು, ಮೂರು ತಿಂಗಳು ಮೀರಿ ತಿನ್ನುತ್ತಿದ್ದರೆ ನೋವು ತಗ್ಗುವ ಬದಲು ದಿನಗಳು ಹೆಚ್ಚುತ್ತ ಹೋಗುತ್ತವೆ. ಮಾತ್ರೆ ನಿಲ್ಲಿಸಿದ ಮೊದಲ ಒಂದೆರಡು ವಾರ ಮತ್ತೂ ಕೆಟ್ಟದಾಗಿರುತ್ತದೆ ಎಂದು ವೈದ್ಯೆ ಮೊದಲೇ ಎಚ್ಚರಿಸಿದ್ದರು, ಹಾಗೆಯೇ ಆಯಿತು. ಆ ವಾರಗಳಲ್ಲಿ ಅಣ್ಣನಿಗೆ ಅಡುಗೆ ಕಲಿಯುವ ಅವಕಾಶ ಒದಗಿತು.

ಬಂದಾಗ ತಿನ್ನುವುದು, ಬರದಂತೆ ತಿನ್ನುವುದು

ನೋವು ಬಂದಾಗ ನಿಲ್ಲಿಸುವ ಚಿಕಿತ್ಸೆ ಒಂದು, ಬರುವುದನ್ನೇ ಕಡಿಮೆ ಮಾಡಲು ದಿನವೂ ತೆಗೆದುಕೊಳ್ಳುವುದು ಇನ್ನೊಂದು. ನಮ್ಮವರಿಗೆ ಮೊದಲನೆಯದು ಗೊತ್ತು, ಎರಡನೆಯದು ತಲುಪಿಲ್ಲ. ತಿಂಗಳಿಗೆ ನಾಲ್ಕೋ ಹೆಚ್ಚೋ ದಿನ ಕೆಲಸ ಕೆಡುತ್ತಿದ್ದರೆ ಎರಡನೆಯದನ್ನು ಯೋಚಿಸಬೇಕು ಎನ್ನುತ್ತಾರೆ. ಅದಕ್ಕೆ ಬಳಸುವ ಹಳೆಯ ಔಷಧಗಳು ಬಹುತೇಕ ಬೇರೆ ಕಾಯಿಲೆಗಳಿಂದ ಬಂದವು. ಪ್ರೊಪ್ರಾನೊಲಾಲ್ ಹೃದಯದ ಔಷಧ. 1960ರ ದಶಕದಲ್ಲಿ ಎದೆನೋವಿಗೆಂದು ಕೊಟ್ಟಾಗ ಮೈಗ್ರೇನ್ ಕಡಿಮೆಯಾದದ್ದು ಆಕಸ್ಮಿಕವಾಗಿ ತಿಳಿದುಬಂತು. ಟೊಪಿರಮೇಟ್ ಅಪಸ್ಮಾರದ್ದು, ಅಮಿಟ್ರಿಪ್ಟಿಲೀನ್ ಖಿನ್ನತೆಯದ್ದು. ಪ್ರತಿಯೊಂದಕ್ಕೂ ಅದರದರ ಕಾಟವಿದೆ. ಪ್ರೊಪ್ರಾನೊಲಾಲ್ ಅಸ್ತಮಾ ಇದ್ದವರಿಗೆ ಆಗದು. ಟೊಪಿರಮೇಟ್ ಕೈಬೆರಳು ಜುಮುಗುಡಿಸಿ, ಕೆಲವರಿಗೆ ನಾಲಿಗೆ ತುದಿಯ ಮಾತನ್ನೇ ಮರೆಸುತ್ತದೆ. ನಮ್ಮಲ್ಲಿ ಹೆಚ್ಚು ಬರೆದುಕೊಡುವ ಫ್ಲುನರಿಜಿನ್ ತೂಕ ಮತ್ತು ಮಂಪರು ಹೆಚ್ಚಿಸುತ್ತದೆ, ಮನಸ್ಸನ್ನು ಕುಗ್ಗಿಸಲೂಬಹುದು. ಅಪಸ್ಮಾರದ್ದೇ ಇನ್ನೊಂದು ಔಷಧ ವ್ಯಾಲ್ಪ್ರೊಯೇಟ್ ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಬೇಡವೇ ಬೇಡ. ಅಂದಹಾಗೆ, ಆರಾ ಕಾಣುವ ಹೆಂಗಸರು ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆ ತೆಗೆದುಕೊಂಡರೆ ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಇದನ್ನು ಕೇಳದೆಯೇ ಹೇಳುವ ವೈದ್ಯರು ನಮಗೆ ಸಿಗುವುದು ಅಪರೂಪ.

ಅತ್ತಿಗೆಗೆ ನಿದ್ದೆಯೂ ಸರಿಯಿಲ್ಲದ್ದರಿಂದ ರಾತ್ರಿ ಒಂದು ಸಣ್ಣ ಪ್ರಮಾಣದ ಅಮಿಟ್ರಿಪ್ಟಿಲೀನ್ ಬರೆದುಕೊಟ್ಟರು. ಮನೆಗೆ ಬಂದು ಮೊಬೈಲಿನಲ್ಲಿ ಹುಡುಕಿದ್ದೇ, “ಇದು ಡಿಪ್ರೆಶನ್ ಮಾತ್ರೆಯಂತಲ್ಲೇ, ನನಗೇನು ಹುಚ್ಚೇ?” ಎಂದು ಫೋನ್ ಮಾಡಿದರು. ಹಲವರ ತಡೆ-ಚಿಕಿತ್ಸೆ ನಿಲ್ಲುವುದು ಈ ಘಳಿಗೆಯಲ್ಲೇ. ಇನ್ನು ಕೆಲವರದು ಹದಿನೈದು ದಿನಕ್ಕೆ, ಏನೂ ಗುಣ ಕಾಣಲಿಲ್ಲವೆಂದು. ಸರಿಯಾದ ಪ್ರಮಾಣದಲ್ಲಿ ಎರಡು ಮೂರು ತಿಂಗಳು ತೆಗೆದುಕೊಳ್ಳದೆ ಈ ಔಷಧಗಳನ್ನು ಅಳೆಯಲಾಗದು, ಮತ್ತು ನೋವಿನ ದಿನಗಳು ಅರ್ಧಕ್ಕಿಳಿದರೆ ಅದನ್ನು ಗೆಲುವೆಂದೇ ಎಣಿಸುತ್ತಾರೆ. ಪೂರ್ತಿ ಹೋಗಬೇಕು ಎಂದು ಹಟ ಹಿಡಿದವರಿಗೆ ಅರ್ಧ ಹೋದದ್ದು ಕಾಣುವುದೇ ಇಲ್ಲ. ವೈದ್ಯೆ ಹೇಳಿದಂತೆ ಹಾಲಿನ ಲೆಕ್ಕದ ಕ್ಯಾಲೆಂಡರಿನಲ್ಲೇ ಅತ್ತಿಗೆ ನೋವಿನ ದಿನಕ್ಕೊಂದು ಗೆರೆ, ಮಾತ್ರೆಯ ದಿನಕ್ಕೊಂದು ಚುಕ್ಕೆ ಹಾಕುತ್ತ ಬಂದದ್ದರಿಂದ ಅವರಿಗೆ ಕಂಡಿತು.

ದೆಹಲಿಯ ಏಮ್ಸ್‌ನಲ್ಲಿ ನಡೆದು 2020ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ, ಔಷಧದ ಜೊತೆಗೆ ಯೋಗ ಮಾಡಿದವರಿಗೆ ಬರೀ ಔಷಧ ತೆಗೆದುಕೊಂಡವರಿಗಿಂತ ಹೆಚ್ಚು ಗುಣ ಕಂಡಿತು. ವಾಟ್ಸಾಪಿಗೆ ಬರುವಷ್ಟರಲ್ಲಿ ಇದು ಯೋಗದಿಂದ ಮೈಗ್ರೇನ್ ಮಾಯ ಎಂದಾಗಿತ್ತು. “ಔಷಧದ ಜೊತೆಗೆ” ಎಂಬ ಮಾತು ದಾರಿಯಲ್ಲಿ ಬಿದ್ದುಹೋಗಿತ್ತು.

ಮೈಗ್ರೇನಿಗೆಂದೇ ಹುಟ್ಟಿದ ತಡೆ-ಔಷಧ ಬಂದದ್ದು ತೀರಾ ಈಚೆಗೆ. ಟ್ರೈಜೆಮಿನಲ್ ನರ ಕೆರಳಿದಾಗ ಮಿದುಳಿನ ಪೊರೆಯ ಸುತ್ತ ಸಿಜಿಆರ್‌ಪಿ ಎಂಬ ಸಣ್ಣ ಪ್ರೊಟೀನು ಸ್ರವಿಸಿ ನೋವನ್ನು ಹೆಚ್ಚಿಸುತ್ತದೆ. ಇದನ್ನು ಬಿಡಿಸಿ ತೋರಿಸಿದ ಎಡ್ವಿನ್ಸನ್, ಗೋಡ್ಸ್‌ಬಿ, ಮಾಸ್ಕೊವಿಟ್ಜ್, ಓಲೆಸೆನ್ ಎಂಬ ನಾಲ್ವರಿಗೆ 2021ರಲ್ಲಿ ಮಿದುಳಿನ ಸಂಶೋಧನೆಗೆ ಕೊಡುವ ಬ್ರೈನ್ ಪ್ರೈಜ್ ಬಂತು. ಅದನ್ನು ತಡೆಯುವ ಮೊದಲ ಚುಚ್ಚುಮದ್ದು ಎರೆನುಮ್ಯಾಬ್‌ಗೆ ಅಮೆರಿಕದಲ್ಲಿ 2018ರಲ್ಲಿ ಒಪ್ಪಿಗೆ ಸಿಕ್ಕಿತು. ಅದೇ ದಾರಿಯ ಜೆಪಾಂಟ್ ಗುಂಪಿನ ಮಾತ್ರೆಗಳು ಆಮೇಲೆ ಬಂದವು. ಟ್ರಿಪ್ಟಾನ್‌ಗಳು ರಕ್ತನಾಳವನ್ನು ಸಂಕುಚಿಸುವುದರಿಂದ ಹೃದಯಾಘಾತ, ಪಾರ್ಶ್ವವಾಯು ಆದವರಿಗೆ ಕೊಡುವಂತಿಲ್ಲ. ಜೆಪಾಂಟ್‌ಗಳಿಗೆ ಆ ಗುಣವಿಲ್ಲ. ತಿಂಗಳಿಗೆ 15 ದಿನ ಅಥವಾ ಹೆಚ್ಚು ತಲೆನೋವಿರುವವರಿಗೆ ತಲೆ ಮತ್ತು ಕತ್ತಿನ 31 ಜಾಗಗಳಲ್ಲಿ ಬೊಟಾಕ್ಸ್ ಚುಚ್ಚುವ ಕ್ರಮವೂ ಇದೆ, ಹನ್ನೆರಡು ವಾರಕ್ಕೊಮ್ಮೆ. ಈ ಹೊಸ ಔಷಧಗಳಲ್ಲಿ ಕೆಲವು ಭಾರತದಲ್ಲೂ ದೊರೆಯುತ್ತವೆ, ಆದರೆ ಸಾವಿರಾರು ರೂಪಾಯಿಯ ಮಾತು. ಪ್ರೊಪ್ರಾನೊಲಾಲ್ ಕೆಲವು ರೂಪಾಯಿಯದು, ನಮ್ಮ ಅಗತ್ಯ ಔಷಧಗಳ ರಾಷ್ಟ್ರೀಯ ಪಟ್ಟಿಯಲ್ಲೂ ಇದೆ.

ಚುಚ್ಚುಮದ್ದಿನ ಬಗ್ಗೆ ಎಲ್ಲೋ ಓದಿದ್ದ ಅತ್ತಿಗೆ ಕಳೆದ ಸಲ ವೈದ್ಯೆಯನ್ನು ಅದನ್ನೇ ಕೇಳಿದರು. “ಅಗ್ಗದ್ದು ಕೆಲಸ ಮಾಡ್ತಾ ಇದೆಯಲ್ಲ, ಅದು ಕೈಕೊಟ್ಟರೆ ನೋಡೋಣ” ಎಂದು ಅವರು ಕ್ಯಾಲೆಂಡರಿನ ಹಾಳೆಗಳನ್ನು ತಿರುವಿ ಗೆರೆ ಎಣಿಸಿದರು. ಮಳೆಗಾಲ ಕಳೆದ ಮೇಲೆ ಮಾತ್ರೆಯನ್ನು ಮೆಲ್ಲಗೆ ಇಳಿಸಿ ನೋಡುವುದೆಂದು ಮಾತಾಗಿದೆ. ಸದ್ಯ ಅತ್ತಿಗೆಯ ತಕರಾರೆಲ್ಲ ಬೆಳಗಿನ ಹೊತ್ತು ಬಾಯಿ ಒಣಗುತ್ತದೆ ಎಂಬುದರ ಮೇಲೆ.